ಹೊಸ ಕ್ಯಾಪ್ ಸರಿ ಕೂತಿಲ್ಲ ಅನ್ನಿಸಿದರೆ: ದೋಷ ಯಾವುದು, ಡಾಕ್ಟರ ಹತ್ತಿರ ಏನು ಕೇಳಬೇಕು

ದವಡೆಹಲ್ಲು:

ಹೊಸ ಕ್ಯಾಪ್ ಬಗ್ಗೆ ದೂರು ಹೇಳಲು ಹೋದವರಿಗೆ ಹೆಚ್ಚಾಗಿ ಸಿಗುವ ಉತ್ತರ “ಸ್ವಲ್ಪ ದಿನ ನೋಡಿ, ಅಭ್ಯಾಸ ಆಗುತ್ತೆ.” ಕೆಲವು ತೊಂದರೆಗಳಿಗೆ ಇದು ಸರಿಯಾದ ಉತ್ತರವೇ. ಇನ್ನು ಕೆಲವಕ್ಕೆ ಕಾಯುತ್ತಾ ಕೂತರೆ ಒಳಗಿನ ಹಲ್ಲೇ ಹೋಗುತ್ತದೆ. ಆದ್ದರಿಂದ “ಏನೋ ಸರಿಯಿಲ್ಲ ಡಾಕ್ಟ್ರೇ” ಎಂದು ಹೋಗಬೇಡಿ. ದೋಷ ಯಾವುದು ಎಂದು ಮೊದಲು ಗುರುತಿಸಿಕೊಳ್ಳಿ, ಅದನ್ನು ಪರೀಕ್ಷಿಸಿ ಕಡತದಲ್ಲಿ ಬರೆಯಲು ಹೇಳಿ, ಆಮೇಲೆ ಆ ದೋಷಕ್ಕೆ ಇರುವ ಪರಿಹಾರವನ್ನೇ ಕೇಳಿ. ಈ ಚರ್ಚೆ ತೆರೆದದ್ದು ಅದಕ್ಕಾಗಿ. ಬೇರೆ ಬೇರೆ ಭಾಗ ಬಲ್ಲವರು ಸೇರಿಸುತ್ತಾ ಹೋಗಿ.

ಎಲ್ಲಕ್ಕಿಂತ ಸಾಮಾನ್ಯವಾದ ಎತ್ತರದ ಸಮಸ್ಯೆಯಿಂದ ಶುರು ಮಾಡುತ್ತೇನೆ. ಬಾಯಿ ಮುಚ್ಚಿದಾಗ ಬೇರೆ ಹಲ್ಲುಗಳಿಗಿಂತ ಮೊದಲು ಕ್ಯಾಪ್ ತಾಗುತ್ತದೆ. ಕಚ್ಚಿದರೆ ನೋವು, ತಟ್ಟಿದರೆ ನೋವು, ಕೆಲವರಿಗೆ ಬೆಳಗ್ಗೆ ಎದ್ದಾಗ ದವಡೆಯ ಸ್ನಾಯು ಬಿಗಿದಂತಿರುತ್ತದೆ. ಹಲ್ಲಿನ ಬೇರಿನ ಸುತ್ತಲಿನ ತಂತುಪೊರೆ 20 ಮೈಕ್ರಾನ್ ಆಸುಪಾಸಿನ ವ್ಯತ್ಯಾಸವನ್ನೂ ಹಿಡಿಯಬಲ್ಲದು, ಅಂದರೆ ಕೂದಲಿಗಿಂತ ತೆಳುವಾದದ್ದನ್ನು. ರೂಟ್ ಕೆನಾಲ್ ಆದ ಹಲ್ಲಿಗೂ ಈ ಅನುಭವ ಇರುತ್ತದೆ, ಏಕೆಂದರೆ ಅದು ಬರುವುದು ಹಲ್ಲಿನ ಒಳಗಿನ ನರದಿಂದಲ್ಲ, ಸುತ್ತಲಿನ ಪೊರೆಯಿಂದ. “ನರ ತೆಗೆದಿದೆ, ನೋವು ಬರೋಕೆ ಸಾಧ್ಯವಿಲ್ಲ” ಎಂದು ಯಾರಾದರೂ ಹೇಳಿದರೆ ಒಪ್ಪಬೇಕಿಲ್ಲ.

ಕೂರಿಸಿದ ದಿನ ಬಾಯಿ ಮರಗಟ್ಟಿರುತ್ತದೆ. ಆಗ “ಸರಿ ಇದೆಯಾ?” ಎಂದರೆ “ಹೂಂ” ಅಂದುಬಿಡುತ್ತೇವೆ. ಆ ಹೂಂಗೆ ಬೆಲೆಯಿಲ್ಲ. ಇಂಜೆಕ್ಷನ್ ಇಳಿದ ಮೇಲೆ ಕಚ್ಚಿ ನೋಡಿ, ಎತ್ತರ ಅನ್ನಿಸಿದರೆ ಎರಡು ಮೂರು ದಿನದೊಳಗೆ ಹೋಗಿ. ಮಲಗಿಸಿ ಮಾತ್ರ ನೋಡದೆ ನೆಟ್ಟಗೆ ಕೂರಿಸಿಯೂ ನೋಡಲು ಹೇಳಿ, ಏಕೆಂದರೆ ಮಲಗಿದಾಗ ಕೆಳದವಡೆ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಬಣ್ಣದ ಕಾಗದ ಕಚ್ಚಿಸಿದರಷ್ಟೇ ಸಾಲದು. ದಪ್ಪ ಕಾಗದ ಎಲ್ಲೆಂದರಲ್ಲಿ ಗುರುತು ಬಿಡುತ್ತದೆ. ಖಚಿತವಾಗಿ ತೋರಿಸುವುದು ಶಿಮ್‌ಸ್ಟಾಕ್ ಎಂಬ 8 ಮೈಕ್ರಾನಿನ ಲೋಹದ ಹಾಳೆ. ಕ್ಯಾಪ್ ಮೇಲೆ ಹಾಳೆ ಇಟ್ಟು ಕಚ್ಚಿಸಿ ಎಳೆದಾಗ ಅದು ಬಿಗಿಯಾಗಿ ಹಿಡಿದಿರುತ್ತದೆ. ಅದೇ ಕಚ್ಚಿನಲ್ಲಿ ಪಕ್ಕದ ಹಲ್ಲುಗಳ ಮೇಲಿಟ್ಟರೆ ಸಲೀಸಾಗಿ ಜಾರಿ ಬರುತ್ತದೆ. ಹೀಗಾದರೆ ಕ್ಯಾಪ್ ಎತ್ತರ ಇದೆ ಎಂದೇ ಅರ್ಥ, ವಾದಕ್ಕೆ ಜಾಗವಿಲ್ಲ. ದವಡೆಯನ್ನು ಅತ್ತಿತ್ತ ಜಾರಿಸಿದಾಗಲೂ ಬೇರೆ ಬಣ್ಣದ ಕಾಗದದಲ್ಲಿ ನೋಡಬೇಕು. ನೇರ ಕಚ್ಚಿದಾಗ ಸರಿಯಿದ್ದು ಅಗಿಯುವಾಗ ಮಾತ್ರ ತಗುಲುವ ಕ್ಯಾಪ್‌ಗಳು ಬಹಳ.

ನೀಲಿಕಾಗದ:

ಪ್ರತಿ ಸಲ ಹೋದಾಗಲೂ ತೇಯ್ತಾರೆ, ಎರಡು ದಿನ ಪರವಾಗಿಲ್ಲ ಅನ್ಸುತ್ತೆ, ಮತ್ತೆ ಅದೇ ಕಥೆ. ಹೀಗಾದ್ರೆ ಎಷ್ಟು ಸಲ ಅಂತ ತೇಯಿಸ್ಕೋಬಹುದು? ಕ್ಯಾಪ್ ತೂತು ಬೀಳಲ್ವಾ?

ದವಡೆಹಲ್ಲು:

@ನೀಲಿಕಾಗದ ಎರಡು ಸಲ, ಹೆಚ್ಚೆಂದರೆ ಮೂರು. ಅದಾದ ಮೇಲೂ ಎತ್ತರ ಎಂದರೆ ತೇಯುವುದನ್ನು ನಿಲ್ಲಿಸಿ ಎತ್ತರ ಯಾಕೆ ಬಂತು ಎಂದು ಕೇಳಬೇಕು.

ಇಲ್ಲಿ ಎರಡು ಬೇರೆ ಬೇರೆ ದೋಷಗಳಿವೆ, ಹೊರಗಿನಿಂದ ನೋಡಿದರೆ ಒಂದೇ ಥರ. ಒಂದರಲ್ಲಿ ಕ್ಯಾಪ್ ಹಲ್ಲಿನ ಮೇಲೆ ಪೂರ್ತಿ ಕೂತಿರುತ್ತದೆ, ಮೇಲ್ಮೈ ಮಾತ್ರ ಸ್ವಲ್ಪ ಉಬ್ಬು. ಇದನ್ನು ತೇಯ್ದರೆ ಮುಗಿಯಿತು. ಇನ್ನೊಂದರಲ್ಲಿ ಕ್ಯಾಪ್ ಪೂರ್ತಿ ಕೆಳಗಿಳಿದೇ ಇಲ್ಲ. ಅಂಟಿಸುವಾಗ ಸಿಮೆಂಟ್ ಗಟ್ಟಿಯಾಗತೊಡಗಿತ್ತು, ಅಥವಾ ಪಕ್ಕದ ಹಲ್ಲಿಗೆ ಬಿಗಿಯಾಗಿ ಸಿಕ್ಕಿಕೊಂಡಿತ್ತು, ಅಥವಾ ಒಳಗೆ ತಾತ್ಕಾಲಿಕ ಸಿಮೆಂಟಿನ ಚೂರು ಉಳಿದಿತ್ತು. ಆಗ ಮೇಲೆ ಎಷ್ಟು ಎತ್ತರವೋ ಕೆಳಗೆ ವಸಡಿನ ಹತ್ತಿರ ಸುತ್ತಲೂ ಸುಮಾರು ಅಷ್ಟೇ ಸಂದು ಬಿಟ್ಟಿರುತ್ತದೆ. ಮೇಲೆ ತೇಯ್ದರೆ ಕಚ್ಚು ಸರಿಹೋಗುತ್ತದೆ, ನೋವೂ ಹೋಗಬಹುದು, ಸಂದು ಮಾತ್ರ ಹಾಗೇ ಇರುತ್ತದೆ. ಆ ಸಂದಿನಲ್ಲಿ ಸಿಮೆಂಟ್ ಕರಗಿ ಹುಳುಕು ಒಳಗೆ ನುಗ್ಗುತ್ತದೆ. ಆದ್ದರಿಂದ ಕ್ಯಾಪ್ ಗಣನೀಯವಾಗಿ ಎತ್ತರ ಇದ್ದರೆ ತೇಯಿಸುವ ಮೊದಲೇ ಬೈಟ್‌ವಿಂಗ್ ಎಕ್ಸ್‌ರೇ (ಕಚ್ಚಿಸಿ ತೆಗೆಯುವ, ಮೇಲಿನ ಕೆಳಗಿನ ಹಲ್ಲು ಎರಡೂ ಕಾಣುವ ಚಿತ್ರ) ತೆಗೆದು ಕ್ಯಾಪ್‌ನ ಅಂಚು ಹಲ್ಲಿಗೆ ಸೇರಿ ಕೂತಿದೆಯೇ ಎಂದು ನೋಡಲು ಹೇಳಿ. ಈ ಚರ್ಚೆಯಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪೂರ್ತಿ ಕೂರದ ಕ್ಯಾಪ್‌ಗೆ ತೇಯುವುದು ಪರಿಹಾರವಲ್ಲ, ಹೊಸದು ಮಾಡುವುದೇ ಪರಿಹಾರ.

ತೂತಿನ ವಿಷಯ. ಲಿಥಿಯಂ ಡೈಸಿಲಿಕೇಟ್ (ಗಾಜಿನ ಜಾತಿಯ ಪಿಂಗಾಣಿ) ಕ್ಯಾಪ್‌ಗೆ ಕಚ್ಚುವ ಭಾಗದಲ್ಲಿ 1ರಿಂದ 1.5 ಮಿ.ಮೀ. ದಪ್ಪ ಬೇಕು. ಇನ್ನೂ ಗಟ್ಟಿಯಾದ ಬಿಳಿ ಪಿಂಗಾಣಿ ಜಾತಿಯ ಜಿರ್ಕೋನಿಯಾ ಇನ್ನೂ ತೆಳುವಾಗಿದ್ದರೂ ತಡೆಯುತ್ತದೆ, ಆದರೂ 0.5 ಮಿ.ಮೀ.ಗಿಂತ ಕೆಳಗಿಳಿಯಬಾರದು. ಲೋಹದ ಮೇಲೆ ಪಿಂಗಾಣಿ ಇರುವ ಕ್ಯಾಪ್‌ನಲ್ಲಿ ತೇಯ್ದ ಜಾಗದಲ್ಲಿ ಮಾಸಲು ಬಿಳಿ ಪದರ ಅಥವಾ ಲೋಹ ಕಂಡರೆ ಪಿಂಗಾಣಿ ಮುಗಿಯಿತು ಎಂದು ತಿಳಿಯಿರಿ. ಡಾಕ್ಟರ ಹತ್ತಿರ ದಪ್ಪ ಅಳೆಯುವ ಕ್ಯಾಲಿಪರ್ ಇರುತ್ತದೆ, ಆದರೆ ಅಂಟಿಸಿದ ಮೇಲೆ ಅದು ಉಪಯೋಗಕ್ಕೆ ಬಾರದು. ಹಾಗಾಗಿ ಅಂಟಿಸುವ ಮುಂಚೆಯೇ ಅಳೆಯಬೇಕು.

ಇನ್ನೊಂದು, ಪ್ರತಿ ಸಲ ತೇಯ್ದ ಮೇಲೆ ಪಾಲಿಶ್ ಮಾಡಲೇಬೇಕು. ಒರಟಾಗಿ ಬಿಟ್ಟ ಜಿರ್ಕೋನಿಯಾ ಅಥವಾ ಪಿಂಗಾಣಿ ಎದುರಿನ ಹಲ್ಲಿನ ಎನಾಮಲ್ ಸವೆಸುತ್ತದೆ. ನಾಲಿಗೆ ಆಡಿಸಿದಾಗ ತರಿತರಿ ಅನ್ನಿಸಿದರೆ ಕುರ್ಚಿ ಬಿಟ್ಟು ಏಳಬೇಡಿ.

ಲ್ಯಾಬ್‌ಬೆಂಚು:

ಕ್ಯಾಪ್ ಮಾಡೋ ಕಡೆಯಿಂದ ಎರಡು ಮಾತು. ತಪ್ಪು ಎಲ್ಲಿ ಹುಟ್ಟುತ್ತೆ ಅಂತ ಗೊತ್ತಿದ್ರೆ “ಲ್ಯಾಬಿನ ತಪ್ಪು” ಅನ್ನೋ ಮಾತಿಗೆ ಏನು ಉತ್ತರ ಕೊಡಬೇಕು ಅನ್ನೋದೂ ಗೊತ್ತಾಗುತ್ತೆ.

ಹಲ್ಲು ಸವೆಸಿದ ಮೇಲೆ ಅಂಚಿನ ಗೆರೆ ಸುತ್ತಲೂ ಸ್ಪಷ್ಟವಾಗಿ ಅಳತೆಯಲ್ಲಿ ಬರಬೇಕು. ವಸಡಿನೊಳಗೆ ದಾರ ಇಟ್ಟು ವಸಡನ್ನು ಪಕ್ಕಕ್ಕೆ ಸರಿಸಿ, ರಕ್ತ, ಜೊಲ್ಲು ಇಲ್ಲದಂತೆ ಒಣಗಿಸಿ ಅಳತೆ ತೆಗೀಬೇಕು. ಗಡಿಬಿಡಿಯಲ್ಲಿ ತೆಗೆದ್ರೆ ಅಂಚಿನ ಹತ್ತಿರ ಗಾಳಿಗುಳ್ಳೆ, ಎಳೆದ ಗುರುತು ಬೀಳುತ್ತೆ. ಸ್ಕ್ಯಾನರ್ ಇದ್ರೆ ಈ ತೊಂದರೆ ಇಲ್ಲ ಅನ್ನೋದು ತಪ್ಪು ತಿಳುವಳಿಕೆ. ಸ್ಕ್ಯಾನರ್‌ಗೆ ಕಾಣೋದಷ್ಟೇ ಕಾಣುತ್ತೆ, ರಕ್ತದ ಕೆಳಗಿನ ಅಂಚು ಅದಕ್ಕೂ ಕಾಣಲ್ಲ. ಅಂಚು ಕಾಣದ ಅಳತೆ ಬಂದಾಗ ನಿಯತ್ತಿನ ಟೆಕ್ನಿಷಿಯನ್ ಫೋನ್ ಮಾಡಿ “ಇದು ಆಗಲ್ಲ, ಮತ್ತೆ ಅಳತೆ ಕಳಿಸಿ” ಅಂತಾನೆ. ಅಂದಾಜಿನ ಮೇಲೆ ಗೆರೆ ಎಳೆದು ಮಾಡಿಬಿಡೋವ್ರೂ ಇದ್ದಾರೆ. ಆ ಕ್ಯಾಪ್ ಅಂಚಿನಲ್ಲಿ ಗಿಡ್ಡ ಆಗಿರುತ್ತೆ, ಇಲ್ಲಾ ಹೊರಚಾಚಿರುತ್ತೆ.

ಎರಡನೇದು ತಾತ್ಕಾಲಿಕ ಕ್ಯಾಪ್. ಇದನ್ನ ಯಾರೂ ಗಂಭೀರವಾಗಿ ತಗೊಳಲ್ಲ. ಅದು ಬಿದ್ದುಹೋಗಿ ವಾರಗಟ್ಟಲೆ ಹಾಗೇ ಬಿಟ್ರೆ, ಇಲ್ಲಾ ಪಕ್ಕದ ಹಲ್ಲಿಗೆ ತಾಗದ ಹಾಗೆ ಮಾಡಿದ್ರೆ, ಅಕ್ಕಪಕ್ಕದ ಹಲ್ಲು ಒಳಕ್ಕೆ ವಾಲುತ್ತೆ, ಎದುರಿನ ಹಲ್ಲು ಇಳಿಯುತ್ತೆ. ಆಮೇಲೆ ಲ್ಯಾಬಿನಿಂದ ಬಂದ ಕ್ಯಾಪ್ ಮಾದರಿ ಮೇಲೆ ಚೆನ್ನಾಗಿ ಕೂರುತ್ತೆ, ಬಾಯಲ್ಲಿ ಕೂರಲ್ಲ. ಕೂರಿಸೋಕೆ ಪಕ್ಕದಲ್ಲಿ ತೇಯ್ತಾರೆ, ತೇಯ್ದದ್ದು ಹೆಚ್ಚಾದ್ರೆ ಸಂದು ಬಿಡುತ್ತೆ. ನೋಡಿ, ಊಟ ಸಿಕ್ಕಿಕೊಳ್ಳೋದಕ್ಕೂ ಕ್ಯಾಪ್ ಎತ್ತರ ಆಗೋದಕ್ಕೂ ಮೂಲ ಒಂದೇ ಇರಬಹುದು.

ಒಂದು ನೆನಪಿರಲಿ, ರೋಗಿಗೂ ಲ್ಯಾಬಿಗೂ ನೇರ ಸಂಬಂಧ ಇಲ್ಲ. ಕ್ಯಾಪ್ ಬಾಯಿಗೆ ಸರಿಹೊಂದುತ್ತಾ ಅಂತ ನೋಡಿ ಅಂಟಿಸೋ ತೀರ್ಮಾನ ಡಾಕ್ಟರದ್ದು. ಸರಿಯಿಲ್ಲ ಅಂದ್ರೆ ಅಂಟಿಸದೇ ವಾಪಸ್ ಕಳಿಸಬಹುದಿತ್ತು. ಲ್ಯಾಬಿನ ಜೊತೆ ಲೆಕ್ಕ ಅವರೇ ನೋಡ್ಕೋತಾರೆ. ಸಾಮಾನ್ಯವಾಗಿ ಇಂಥ ಕೆಲಸವನ್ನ ಲ್ಯಾಬ್‌ಗಳು ಮತ್ತೆ ಮಾಡಿಕೊಡುತ್ತವೆ, ಹಳೇ ಕ್ಯಾಪ್ ಮತ್ತೆ ಅಳತೆ ವಾಪಸ್ ಕೇಳ್ತವೆ ಅಷ್ಟೇ.

ಮೂರನೇಸಾಲು:

ಊಟ ಸಿಕ್ಕಿಕೊಳ್ಳೋದು ಅಂದ್ರಲ್ಲ, ಅದನ್ನ ಮನೇಲೇ ನೋಡೋಕೆ ಆಗುತ್ತಾ? ಎರಡು ಹಲ್ಲಿನ ಮಧ್ಯೆ ಎಲ್ಲರಿಗೂ ಅಷ್ಟಿಷ್ಟು ಸಿಕ್ಕಿಕೊಳ್ಳುತ್ತೆ ತಾನೆ?

ವಸಡಂಚು:

ಫ್ಲಾಸ್ ದಾರ ಸಾಕು. ಸರಿಯಾದ ಜಾಗದಲ್ಲಿ ದಾರ ಸ್ವಲ್ಪ ತಡೆದು ‘ಟಕ್’ ಎಂದು ಇಳಿಯಬೇಕು. ಬಾಯಿಯ ಇನ್ನೊಂದು ಬದಿಯ ಅದೇ ಹಲ್ಲಿನಲ್ಲಿ ಹೇಗೆ ಇಳಿಯುತ್ತದೆ ಎಂದು ಹೋಲಿಸಿ ನೋಡಿ. ತಡೆಯೇ ಇಲ್ಲದೆ ಇಳಿದರೆ ಪಕ್ಕದ ಹಲ್ಲಿಗೆ ಕ್ಯಾಪ್ ತಾಗಿಲ್ಲ. ದಾರ ಇಳಿದು ವಾಪಸ್ ಎಳೆಯುವಾಗ ಎಳೆಎಳೆಯಾಗಿ ಹರಿದರೆ ಅಂಚು ಹೊರಚಾಚಿದೆ, ಅಥವಾ ಸಿಮೆಂಟ್ ಉಳಿದಿದೆ. ದಾರ ಇಳಿಯುವುದೇ ಇಲ್ಲವೆಂದರೆ ಸಿಮೆಂಟ್ ಎರಡು ಹಲ್ಲನ್ನೂ ಸೇರಿಸಿ ಅಂಟಿಸಿರಬಹುದು. ಇದು ಅಂಟಿಸಿದ ದಿನವೇ ಗೊತ್ತಾಗಬೇಕಾದ ಸಂಗತಿ.

ಉಳಿದ ಸಿಮೆಂಟ್ ಸಮಸ್ಯೆಗೆ ಪರಿಹಾರ ಸುಲಭ. ಕೆರೆದು ತೆಗೆಯುತ್ತಾರೆ, ಒಂದೆರಡು ವಾರದಲ್ಲಿ ವಸಡು ಇಳಿಯುತ್ತದೆ. ತಾಗದಿರುವ ಸಂದು ಮಾತ್ರ ಅಂಟಿಸಿದ ಮೇಲೆ ಸರಿ ಮಾಡುವುದು ಕಷ್ಟ. ಅಂಟಿಸುವ ಮೊದಲಾದರೆ ಲ್ಯಾಬಿಗೆ ಕಳಿಸಿ ಪಿಂಗಾಣಿ ಸೇರಿಸಬಹುದು. ಆಮೇಲೆ ಕೆಲವರು ಪಕ್ಕದ ಹಲ್ಲಿಗೆ ಫಿಲ್ಲಿಂಗ್ ಹಾಕಿ ಸಂದು ಮುಚ್ಚುತ್ತಾರೆ. ಆ ಹಲ್ಲಿನಲ್ಲಿ ಮೊದಲೇ ಹಳೇ ಫಿಲ್ಲಿಂಗ್ ಇದ್ದರೆ ಇದು ಒಪ್ಪುವ ದಾರಿ. ಕ್ಯಾಪ್ ತಪ್ಪಿಗೆ ಗಟ್ಟಿಯಾಗಿರುವ ಪಕ್ಕದ ಹಲ್ಲನ್ನು ಕೊರೆಯುವುದಾದರೆ ನನ್ನ ಅಭಿಪ್ರಾಯದಲ್ಲಿ ಒಪ್ಪಬಾರದು.

ಈಗ ಅಂಚು. ಕ್ಯಾಪ್ ಮತ್ತು ಹಲ್ಲು ಸೇರುವ ಗೆರೆಯಲ್ಲಿ ಸೂಕ್ಷ್ಮ ಸಂದು ಎಲ್ಲ ಕ್ಯಾಪ್‌ನಲ್ಲೂ ಇರುತ್ತದೆ. 1971ರಲ್ಲಿ ಮೆಕ್‌ಲೀನ್ ಮತ್ತು ವಾನ್ ಫ್ರೌನ್‌ಹೋಫರ್ ಸಾವಿರಕ್ಕೂ ಹೆಚ್ಚು ಕ್ಯಾಪ್, ಫಿಲ್ಲಿಂಗ್‌ಗಳನ್ನು ನೋಡಿ 120 ಮೈಕ್ರಾನ್ ತನಕ ಒಪ್ಪಬಹುದು ಎಂದರು. ಆ ಅಂಕಿಯನ್ನೇ ಈಗಲೂ ಎಲ್ಲರೂ ಹೇಳುವುದು. ಕ್ಲಿನಿಕ್ಕಿನಲ್ಲಿ ಮೈಕ್ರಾನ್ ಅಳೆಯಲು ಯಾರಿಗೂ ಆಗುವುದಿಲ್ಲ. ಎಕ್ಸ್‌ಪ್ಲೋರರ್ ಎಂಬ ಕೊಕ್ಕೆಯಂಥ ಉಪಕರಣದ ಚೂಪಾದ ಮೊನೆಯನ್ನು ಹಲ್ಲಿನಿಂದ ಕ್ಯಾಪ್ ಕಡೆಗೂ ಕ್ಯಾಪ್‌ನಿಂದ ಹಲ್ಲಿನ ಕಡೆಗೂ ಎಳೆದು ನೋಡುತ್ತಾರೆ. ಒಂದೇ ದಿಕ್ಕಿನಲ್ಲಿ ಸಿಕ್ಕಿಕೊಂಡರೆ ಮೆಟ್ಟಿಲು, ಎರಡೂ ದಿಕ್ಕಿನಲ್ಲಿ ಸಿಕ್ಕಿಕೊಂಡು ಒಳಗೆ ಹೋದರೆ ಸಂದು. ಎಕ್ಸ್‌ರೇಯಲ್ಲಿ ಹಲ್ಲುಗಳ ನಡುವಿನ ಅಂಚು ಮಾತ್ರ ಕಾಣುತ್ತದೆ, ಕೆನ್ನೆಯ ಕಡೆ ಮತ್ತು ನಾಲಿಗೆಯ ಕಡೆಯದು ಕಾಣುವುದಿಲ್ಲ. “ಎಕ್ಸ್‌ರೇ ಚೆನ್ನಾಗಿದೆ” ಎಂಬುದು ಅರ್ಧ ಉತ್ತರ, ಎಕ್ಸ್‌ಪ್ಲೋರರ್ ಪರೀಕ್ಷೆಯೂ ಆಗಿದೆಯೇ ಎಂದು ಕೇಳಿ.

ಕೊನೆಯದಾಗಿ, ವಸಡು ಸುಮ್ಮನಾಗದ ಪ್ರಕರಣ. ಎಷ್ಟು ಚೆನ್ನಾಗಿ ಉಜ್ಜಿದರೂ ಆ ಒಂದೇ ಹಲ್ಲಿನ ಸುತ್ತ ಕೆನ್ನೀಲಿ ಬಣ್ಣ, ಮುಟ್ಟಿದರೆ ರಕ್ತ, ತಿಂಗಳಾದರೂ ಹಾಗೇ. ಅಂಚು ಅತಿ ಆಳಕ್ಕೆ ಹೋಗಿರಬಹುದು. ಮೂಳೆಯ ಮೇಲೆ ವಸಡು ಹಲ್ಲಿಗೆ ಅಂಟಿಕೊಳ್ಳುವ ಪಟ್ಟಿ ಸರಾಸರಿ 2 ಮಿ.ಮೀ. ಇರುತ್ತದೆ. ಗಾರ್ಜಿಯುಲೊ ಮತ್ತು ಸಂಗಡಿಗರು 1961ರಲ್ಲಿ ಅಳೆದದ್ದು 2.04. ಕ್ಯಾಪ್ ಅಂಚು ಆ ಪಟ್ಟಿಯೊಳಗೆ ನುಗ್ಗಿದರೆ ವಸಡು ಎಂದೂ ಒಪ್ಪುವುದಿಲ್ಲ. ಅದಕ್ಕೇ ಮೂಳೆಯಿಂದ ಅಂಚಿಗೆ ಸುಮಾರು 3 ಮಿ.ಮೀ. ಬಿಡಬೇಕು ಎನ್ನುವುದು. ಪಾಲಿಶ್, ಮೌತ್‌ವಾಶ್, ಗಮ್ ಪೇಸ್ಟ್ ಯಾವುದೂ ಇದಕ್ಕೆ ಕೆಲಸ ಮಾಡುವುದಿಲ್ಲ. ವಸಡು ಮತ್ತು ಮೂಳೆಯನ್ನು ಕೆಳಗಿಳಿಸುವ ಕ್ರೌನ್ ಲೆಂತನಿಂಗ್ ಶಸ್ತ್ರಚಿಕಿತ್ಸೆ, ಇಲ್ಲವೇ ತಂತಿ ಹಾಕಿ ಹಲ್ಲನ್ನು ಮೇಲೆಳೆದು, ಆಮೇಲೆ ಹೊಸ ಕ್ಯಾಪ್. ಹುಳುಕು ಮೊದಲೇ ಅಷ್ಟು ಆಳಕ್ಕೆ ಹೋಗಿದ್ದರೆ ಡಾಕ್ಟರಿಗೂ ಬೇರೆ ದಾರಿ ಇರಲಿಲ್ಲ ಎನ್ನಬಹುದು. ಆದರೆ ಕ್ಯಾಪ್ ಹಾಕುವ ಮೊದಲೇ ಅದನ್ನು ನಿಮಗೆ ಹೇಳಿರಬೇಕಿತ್ತು.

ಹಳೆಓದುಗ:

ಎಲ್ಲವನ್ನೂ ಡಾಕ್ಟರ ತಲೆಗೆ ಕಟ್ಟುವ ಧಾಟಿ ಬರದಿರಲಿ. ಕ್ಯಾಪ್ ಹಾಕಿದ ಮೇಲೆ ಜುಮ್ಮೆನ್ನುವುದು, ಮುಂದೆ ರೂಟ್ ಕೆನಾಲ್ ಬೇಕಾಗುವುದು ಒಳ್ಳೆಯ ಕೆಲಸದಲ್ಲೂ ಆಗುತ್ತದೆ. ಕೆಟ್ಟ ಫಲಿತಾಂಶ ಬೇರೆ, ಕೆಟ್ಟ ಕೆಲಸ ಬೇರೆ.

ಬೇರುನಾಳ:

ಹಳೆಓದುಗರ ಮಾತು ಸರಿ. ಜೀವಂತ ಹಲ್ಲನ್ನು ಸವೆಸುವುದೇ ಒಳಗಿನ ನರಕ್ಕೆ ಒಂದು ಪೆಟ್ಟು. ಅದಕ್ಕೂ ಮುಂಚೆ ಆ ಹಲ್ಲು ಹುಳುಕು, ದೊಡ್ಡ ಫಿಲ್ಲಿಂಗ್ ಎಲ್ಲ ಕಂಡಿರುತ್ತದೆ. ನೀರು ಸಾಲದೆ ಬಿಸಿಯಾದ ಡ್ರಿಲ್ ಹಾನಿ ಮಾಡುತ್ತದೆ ನಿಜ, ಆದರೆ ಎಲ್ಲ ಸರಿಯಾಗಿ ಮಾಡಿದರೂ ಕೆಲವು ನರ ವರ್ಷಗಳಾದ ಮೇಲೆ ಸಾಯುತ್ತವೆ. ಇದರ ಬಗ್ಗೆ ಮೊದಲೇ ಎಚ್ಚರಿಸಿದ್ದರೇ, ಒಪ್ಪಿಗೆ ಪತ್ರದಲ್ಲಿ ಇದೆಯೇ ಎಂಬುದಷ್ಟೇ ಪ್ರಶ್ನೆ.

ಯಾವುದಕ್ಕೆ ಕಾಯಬಹುದು? ತಣ್ಣಗಿನದು ತಾಗಿದಾಗ ಜುಮ್ಮೆಂದು ಕೆಲವೇ ಸೆಕೆಂಡಿನಲ್ಲಿ ಹೋದರೆ, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ, ಕೆಲವು ವಾರ ನೋಡಬಹುದು. ಆದರೆ ಕಚ್ಚು ಎತ್ತರವಿಲ್ಲ ಎಂದು ಮೊದಲು ಖಚಿತವಾಗಬೇಕು, ಎತ್ತರವೊಂದೇ ನರವನ್ನು ಕೆರಳಿಸಲು ಸಾಕು. ಯಾವುದಕ್ಕೆ ಕಾಯಬಾರದು? ನೋವು ನಿಮಿಷಗಟ್ಟಲೆ ನಿಲ್ಲುವುದು, ಬಿಸಿಗೆ ಹೆಚ್ಚಾಗುವುದು, ತಾನಾಗೇ ಬರುವುದು, ರಾತ್ರಿ ಎಬ್ಬಿಸುವುದು. ಇವು ನರ ಉಳಿಯುವ ಲಕ್ಷಣಗಳಲ್ಲ. ಮುಖ ಊದಿಕೊಂಡು ಜ್ವರ ಬಂದರೆ, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ ಅದೇ ದಿನ ತುರ್ತು ಚಿಕಿತ್ಸೆಗೆ ಹೋಗಿ, ಕ್ಯಾಪ್ ಜಗಳ ಆಮೇಲೆ.

ಕಚ್ಚಿ ಬಿಡುವಾಗ ಚಳಕ್ಕೆನ್ನುವ ನೋವು ಬಿರುಕಿನ ಕಡೆ ಬೆರಳು ತೋರಿಸುತ್ತದೆ. ವಸಡಿನ ಸುತ್ತ ಅಳೆದಾಗ ಒಂದೇ ಕಡೆ ಕಿರಿದಾಗಿ ಆಳಕ್ಕೆ ಇಳಿದರೆ ಬೇರು ಸೀಳಿರುವ ಸಂಶಯ. ಅಂಥ ಹಲ್ಲಿಗೆ ಎಷ್ಟು ಹೊಸ ಕ್ಯಾಪ್ ಮಾಡಿದರೂ ಪ್ರಯೋಜನವಿಲ್ಲ.

ರೂಟ್ ಕೆನಾಲ್ ಬೇಕಾದರೆ ಕ್ಯಾಪ್ ತೆಗೆಯಲೇಬೇಕೆಂದಿಲ್ಲ. ಅಂಚು ಚೆನ್ನಾಗಿದ್ದರೆ ಕ್ಯಾಪ್ ಮೇಲೆ ಕಿಂಡಿ ಕೊರೆದು ಕೆಲಸ ಮುಗಿಸಿ ಫಿಲ್ಲಿಂಗ್‌ನಿಂದ ಮುಚ್ಚುತ್ತಾರೆ. ಅಂಚೇ ಕೆಟ್ಟಿದ್ದರೆ ಮಾತ್ರ ತೆಗೆದು ಮಾಡುವುದು ಲೇಸು.

ಕಡತ:

ದೋಷ ಯಾವುದು ಎಂಬ ಅಂದಾಜು ಸಿಕ್ಕಿತು. ಇನ್ನು ಡಾಕ್ಟರ ಜೊತೆ ವ್ಯವಹಾರ.

ಮೊದಲ ಅವಕಾಶ ಕೆಲಸ ಮಾಡಿದವರಿಗೇ ಕೊಡಿ. ಇದು ಬರೀ ಸೌಜನ್ಯವಲ್ಲ. ಸರಿಪಡಿಸಲು ಅವಕಾಶ ಕೊಡದೆ ಬೇರೆ ಕಡೆ ಕ್ಯಾಪ್ ತೆಗೆಸಿದರೆ ಆಮೇಲೆ ಹಣ ಕೇಳುವಾಗ ನಿಮ್ಮ ಕೈ ಸೋಲುತ್ತದೆ. ಫೋನಿನಲ್ಲಿ ವಾದ ಬೇಡ. ಭೇಟಿಯ ಸಮಯ ಗೊತ್ತು ಮಾಡುವಾಗಲೇ “ಹೊಸ ಕ್ಯಾಪ್ ತೊಂದರೆ, ಪರೀಕ್ಷೆ ಮತ್ತು ಎಕ್ಸ್‌ರೇಗೆ ಸಮಯ ಬೇಕು” ಎನ್ನಿ. ಇಲ್ಲದಿದ್ದರೆ ಐದು ನಿಮಿಷದಲ್ಲಿ ತೇಯ್ದು ಕಳಿಸುತ್ತಾರೆ.

ಕಡತದ ಪ್ರತಿ ಕೇಳಿ: ಕೆಲಸಕ್ಕೆ ಮೊದಲಿನ ಮತ್ತು ನಂತರದ ಎಕ್ಸ್‌ರೇಗಳು, ಪ್ರತಿ ಭೇಟಿಯ ಟಿಪ್ಪಣಿ, ಒಪ್ಪಿಗೆ ಪತ್ರ, ರಸೀದಿ, ಲ್ಯಾಬಿಗೆ ಕಳಿಸಿದ ಚೀಟಿ, ಕ್ಯಾಪ್ ಯಾವ ವಸ್ತುವಿನದು, ಅದರ ಬ್ಯಾಚ್ ಸಂಖ್ಯೆ, ಅಂಟಿಸಿದ ಸಿಮೆಂಟಿನ ಹೆಸರು. ಎಕ್ಸ್‌ರೇಯ ಮೂಲ ಫೈಲ್ ಕೇಳಬೇಕು, ಪರದೆಯಿಂದ ಮೊಬೈಲಿನಲ್ಲಿ ಹೊಡೆದ ಫೋಟೊದಲ್ಲಿ ಅಂಚು ಸರಿಯಾಗಿ ಕಾಣದು. ಪ್ರತಿ ಕೊಡಲು ಸಣ್ಣ ಶುಲ್ಕ ಕೇಳಬಹುದು. ಬಾಕಿ ಹಣ ಇದೆ ಎಂದು ಕಡತ ತಡೆಹಿಡಿಯುವುದು ಮಾತ್ರ ಸರಿಯಲ್ಲ.

ಮನೆಯಲ್ಲಿ ಒಂದು ಪುಟದ ಟಿಪ್ಪಣಿ ಇಟ್ಟುಕೊಳ್ಳಿ: ದಿನಾಂಕ, ಏನು ಮಾಡಿದಾಗ ನೋವು, ಎಷ್ಟು ಹೊತ್ತು, ಯಾವ ಮಾತ್ರೆ, ಭೇಟಿಯಲ್ಲಿ ಅವರು ಏನು ಹೇಳಿದರು, ಏನು ಮಾಡಿದರು. ಆಮೇಲೆ ಪತ್ರ ಅಥವಾ ಇಮೇಲ್. ಬೈಗುಳ, ಬೆದರಿಕೆ ಇರಬಾರದು, ಹೀಗಿದ್ದರೆ ಸಾಕು:

“ಡಾಕ್ಟರೇ, ಇಂಥ ದಿನ ನೀವು ಕೆಳಗಿನ ಎಡ ಮೊದಲ ದವಡೆ ಹಲ್ಲಿಗೆ (36) ಜಿರ್ಕೋನಿಯಾ ಕ್ಯಾಪ್ ಅಂಟಿಸಿದಿರಿ. ಅಂದಿನಿಂದ ಕಚ್ಚಿದಾಗ ನೋವಿದೆ, ಹಿಂದಿನ ಹಲ್ಲಿನ ನಡುವೆ ಫ್ಲಾಸ್ ತಡೆಯಿಲ್ಲದೆ ಇಳಿಯುತ್ತದೆ, ಆಹಾರ ಸಿಕ್ಕಿಕೊಳ್ಳುತ್ತದೆ. ಎರಡು ಸಲ ಎತ್ತರ ತೇಯಲಾಗಿದೆ, ಗುಣವಾಗಿಲ್ಲ. ಕ್ಯಾಪ್ ಪೂರ್ತಿ ಕೂತಿದೆಯೇ ಎಂದು ಬೈಟ್‌ವಿಂಗ್ ಎಕ್ಸ್‌ರೇ ಮತ್ತು ಅಂಚಿನ ಪರೀಕ್ಷೆಯಿಂದ ನೋಡಿ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ. ದೋಷ ಇದ್ದರೆ ಶುಲ್ಕವಿಲ್ಲದೆ ಹೊಸ ಕ್ಯಾಪ್ ಮಾಡಿಕೊಡಬೇಕು, ಅಥವಾ ಬೇರೆ ಕಡೆ ಮಾಡಿಸಿಕೊಳ್ಳಲು ಪಡೆದ ಹಣ ಹಿಂತಿರುಗಿಸಬೇಕು. ಎರಡು ವಾರದೊಳಗೆ ಉತ್ತರಿಸಿ. ಕಡತದ ಪ್ರತಿಯನ್ನೂ ಕಳಿಸಿ.”

ಹಲ್ಲಿನ ಸಂಖ್ಯೆ ಹಾಕುವುದು ಮರೆಯಬೇಡಿ. “ಎಡಗಡೆ ಹಿಂದಿನ ಹಲ್ಲು” ಎಂದರೆ ಮೂರು ಹಲ್ಲು ಇರಬಹುದು.

ಉತ್ತರ ಬಾರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ ಎರಡನೇ ಅಭಿಪ್ರಾಯ. ಕ್ಯಾಪ್‌ಗೆ ಪ್ರಾಸ್ಥೊಡಾಂಟಿಸ್ಟ್, ನೋವು ನರದ್ದೆಂದರೆ ಎಂಡೋಡಾಂಟಿಸ್ಟ್, ವಸಡಿಗೆ ಪೆರಿಯೊಡಾಂಟಿಸ್ಟ್. “ಮೊದಲಿನ ಡಾಕ್ಟರ್ ಕೆಟ್ಟದಾಗಿ ಮಾಡಿದ್ದಾರಾ?” ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. “ಅಂಚು ಎಲ್ಲಿ ತೆರೆದಿದೆ, ಪಕ್ಕಕ್ಕೆ ತಾಗಿದೆಯೇ, ಕಚ್ಚು ಹೇಗಿದೆ, ಇದನ್ನು ಇಟ್ಟುಕೊಳ್ಳಬಹುದೇ, ಮತ್ತೆ ಮಾಡಬೇಕೇ, ಯಾಕೆ?” ಎಂದು ಕೇಳಿ. ಕಂಡದ್ದನ್ನು ಬರೆದುಕೊಡಲು ಅವರಿಗೆ ಅಡ್ಡಿಯಿರುವುದಿಲ್ಲ.

ದವಡೆಹಲ್ಲು:

ಕಡತ ಅವರ ಮಾತಿಗೆ ಒಂದು ಸೇರ್ಪಡೆ. ಎರಡನೇ ಡಾಕ್ಟರ್ ಕ್ಯಾಪ್ ಕತ್ತರಿಸುವ ಮೊದಲೇ ಫೋಟೊ, ಎಕ್ಸ್‌ರೇ, ವಸಡಿನ ಅಳತೆ ಎಲ್ಲ ಆಗಿರಬೇಕು. ಕತ್ತರಿಸಿದ ಮೇಲೆ ಪುರಾವೆ ಹೋಯಿತು. ತೆಗೆದ ತುಂಡುಗಳನ್ನು ಡಬ್ಬಿಯಲ್ಲಿ ಹಾಕಿಸಿಕೊಳ್ಳಿ.

ತೆಗೆಯುವ ಕ್ರಮವೂ ಗೊತ್ತಿರಲಿ. ಗಟ್ಟಿಯಾಗಿ ಅಂಟಿದ ಕ್ಯಾಪ್ ಅನ್ನು ಸುತ್ತಿಗೆಯಂಥ ಉಪಕರಣದಿಂದ ಎಳೆದು ಕೀಳಲು ಹೋದರೆ ಒಳಗಿನ ಹಲ್ಲೇ ಮುರಿದು ಬರಬಹುದು. ಉದ್ದಕ್ಕೆ ಸೀಳು ಕೊರೆದು ಅಗಲಿಸಿ ತೆಗೆಯುವುದು ಸುರಕ್ಷಿತ. ಜಿರ್ಕೋನಿಯಾಗೆ ಡೈಮಂಡ್ ಬರ್ (ವಜ್ರದ ಪುಡಿ ಹಿಡಿಸಿದ ಡ್ರಿಲ್ ಮೊನೆ) ಬೇಕು, ಹೊತ್ತು ಹಿಡಿಯುತ್ತದೆ. ರೆಸಿನ್‌ನಿಂದ (ಪ್ಲಾಸ್ಟಿಕ್ ಜಾತಿಯ ಗಟ್ಟಿ ಅಂಟು) ಅಂಟಿಸಿದ ಲಿಥಿಯಂ ಡೈಸಿಲಿಕೇಟ್ ಹಲ್ಲಿನ ಬಣ್ಣದ್ದೇ ಆಗಿರುವುದರಿಂದ ಎಲ್ಲಿ ಕ್ಯಾಪ್ ಮುಗಿದು ಎಲ್ಲಿ ಹಲ್ಲು ಶುರುವಾಯಿತು ಎಂದು ತಿಳಿಯುವುದೇ ಕಷ್ಟ, ಒಂದಿಷ್ಟು ಹಲ್ಲೂ ಹೋಗುತ್ತದೆ. ಅದಕ್ಕೇ ಸಣ್ಣಪುಟ್ಟ ಬಣ್ಣದ ವ್ಯತ್ಯಾಸಕ್ಕೆಲ್ಲ ಕ್ಯಾಪ್ ತೆಗೆಸಬೇಡಿ ಎನ್ನುತ್ತೇನೆ. ಪ್ರತಿ ಸಲ ತೆಗೆದಾಗ ಹಲ್ಲು ಸವೆಯುತ್ತದೆ, ನರಕ್ಕೆ ಇನ್ನೊಂದು ಪೆಟ್ಟು.

ನೀಲಿಕಾಗದ:

ಕ್ಯಾಪ್ ತಾನಾಗೇ ಬಿದ್ದುಹೋದ್ರೆ? ಮತ್ತೆ ಅಂಟಿಸಿ ಕಳಿಸ್ತಾರೆ, ಮತ್ತೆ ಬೀಳುತ್ತೆ. ಇದರಲ್ಲಿ ತಪ್ಪು ಯಾರದ್ದು ಅಂತ ಹೇಗೆ ಹೇಳೋದು?

ಲ್ಯಾಬ್‌ಬೆಂಚು:

ಬಿದ್ದ ಕ್ಯಾಪ್ ಒಳಗೆ ನೋಡಿ, ಉತ್ತರ ಅಲ್ಲೇ ಇರುತ್ತೆ. ಸಿಮೆಂಟ್ ಪೂರ್ತಿ ಹಲ್ಲಿನ ಮೇಲೇ ಉಳಿದು ಕ್ಯಾಪ್ ಒಳಗೆ ನುಣ್ಣಗೆ ಖಾಲಿ ಇದ್ರೆ ಕ್ಯಾಪ್‌ಗೆ ಅಂಟು ಹಿಡಿದಿಲ್ಲ. ಜಿರ್ಕೋನಿಯಾ ಆದ್ರೆ ಒಳಗೆ ಮರಳು ಊದಿ ಒರಟು ಮಾಡಿ, ರೆಸಿನ್ ಸಿಮೆಂಟ್ ಬಳಸೋದಾದ್ರೆ ಎಂಡಿಪಿ (ಜಿರ್ಕೋನಿಯಾಗೆ ಹಿಡಿಯೋ ರಾಸಾಯನಿಕ) ಇರೋ ಪ್ರೈಮರ್, ಅಂದ್ರೆ ಅಂಟಿಗೂ ಮುಂಚೆ ಹಚ್ಚೋ ದ್ರವ, ಹಾಕಬೇಕು. ಬಾಯಲ್ಲಿ ಹಾಕಿ ನೋಡಿದಾಗ ಜೊಲ್ಲಿನ ಫಾಸ್ಫೇಟ್ ಜಿರ್ಕೋನಿಯಾಗೆ ಹಿಡ್ಕೊಂಡುಬಿಡುತ್ತೆ, ಬರೀ ನೀರಲ್ಲಿ ತೊಳೆದ್ರೆ ಹೋಗಲ್ಲ. ಲಿಥಿಯಂ ಡೈಸಿಲಿಕೇಟ್‌ಗೆ ವಿಧಾನವೇ ಬೇರೆ, ಒಳಗೆ ಒರಟು ಮಾಡೋಕೆ ಹೈಡ್ರೋಫ್ಲೋರಿಕ್ ಆಸಿಡ್, ಆಮೇಲೆ ಅಂಟು ಹಿಡಿಸೋಕೆ ಸೈಲೇನ್ ಅನ್ನೋ ದ್ರವ. ಅದಕ್ಕೆ ಮಾಡೋದನ್ನ ಇದಕ್ಕೆ ಮಾಡಿದ್ರೆ ಹಿಡಿಯಲ್ಲ. ಸಿಮೆಂಟೆಲ್ಲ ಕ್ಯಾಪ್ ಒಳಗೇ ಬಂದಿದ್ರೆ ಹಲ್ಲಿನ ಕಡೆ ಹಿಡಿದಿಲ್ಲ: ಒದ್ದೆ ಇತ್ತು, ಇಲ್ಲಾ ಲವಂಗದೆಣ್ಣೆ ಯೂಜೆನಾಲ್ ಇರೋ ತಾತ್ಕಾಲಿಕ ಸಿಮೆಂಟ್ ಪೂರ್ತಿ ಹೋಗಿರಲಿಲ್ಲ, ಅದು ರೆಸಿನ್ ಗಟ್ಟಿಯಾಗೋದನ್ನ ತಡೆಯುತ್ತೆ. ಕ್ಯಾಪ್ ಜೊತೆ ಹಲ್ಲಿನ ತುಂಡೇ ಬಂದಿದ್ರೆ ಸಿಮೆಂಟಿನ ಮಾತೇ ಬಿಡಿ, ಹಲ್ಲು ಮುರಿದಿದೆ. ಕೆಟ್ಟ ವಾಸನೆ, ಒಳಗೆ ಮೆತ್ತಗೆ ಕಂದು ಬಣ್ಣ ಇದ್ರೆ ಹುಳುಕು.

ಬಿದ್ದ ಕ್ಯಾಪ್ ಎಸೀಬೇಡಿ, ಒಳಗೆ ಕೆರೆದು ಶುದ್ಧ ಮಾಡೋಕೂ ಹೋಗಬೇಡಿ. ಫೆವಿಕ್ವಿಕ್ ಥರದ ಅಂಟು ಖಂಡಿತ ಹಾಕಬೇಡಿ, ಹಲ್ಲಿಗೂ ವಸಡಿಗೂ ಹಾನಿ, ಕ್ಯಾಪ್ ಓರೆಯಾಗಿ ಕೂತು ಮತ್ತೆ ಉಪಯೋಗಕ್ಕೆ ಬರಲ್ಲ. ಔಷಧಿ ಅಂಗಡಿಯಲ್ಲಿ ಸಿಗೋ ತಾತ್ಕಾಲಿಕ ಹಲ್ಲಿನ ಸಿಮೆಂಟ್ ಒಂದೆರಡು ದಿನಕ್ಕೆ ಪರವಾಗಿಲ್ಲ. ಅಲ್ಲಾಡೋ ಕ್ಯಾಪ್ ಇಟ್ಕೊಂಡು ಮಲಗಬೇಡಿ, ಶ್ವಾಸನಾಳಕ್ಕೆ ಹೋದ್ರೆ ಅಪಾಯ.

ದವಡೆಹಲ್ಲು:

ಮತ್ತೆ ಮತ್ತೆ ಬೀಳುವುದಕ್ಕೆ ಸಿಮೆಂಟಿಗಿಂತ ದೊಡ್ಡ ಕಾರಣ ಹಲ್ಲಿನ ಆಕಾರ. ಸವೆಸಿದ ದವಡೆ ಹಲ್ಲಿನ ಗೋಡೆ ಕಡಿಮೆಯೆಂದರೆ 4 ಮಿ.ಮೀ., ಮುಂದಿನ ಹಲ್ಲುಗಳದ್ದು 3 ಮಿ.ಮೀ. ಎತ್ತರ ಇರಬೇಕು, ಎದುರುಬದುರಿನ ಗೋಡೆಗಳು ಮೇಲಕ್ಕೆ ಹೋಗುತ್ತಾ ಕೂಡುವ ಕೋನ 10ರಿಂದ 20 ಡಿಗ್ರಿಯೊಳಗೆ ಇರಬೇಕು. ಅತಿಯಾಗಿ ಮೊನಚಾದರೆ ಕ್ಯಾಪ್‌ಗೆ ಹಿಡಿತವೇ ಇಲ್ಲ. ರೂಟ್ ಕೆನಾಲ್ ಆಗಿ ಪೋಸ್ಟ್ (ಬೇರಿನೊಳಗೆ ಕೂರಿಸುವ ಕಡ್ಡಿ) ಹಾಕಿದ ಹಲ್ಲಿನಲ್ಲಿ, ಕ್ಯಾಪ್ ಅಂಚಿನ ಮೇಲೆ ಸುತ್ತಲೂ 1.5ರಿಂದ 2 ಮಿ.ಮೀ. ಸ್ವಂತ ಹಲ್ಲು ಇರಬೇಕು. ಅದು ಇಲ್ಲದಿದ್ದರೆ ಪೋಸ್ಟ್ ಸಮೇತ ಬೀಳುತ್ತದೆ, ಇಲ್ಲವೇ ಬೇರು ಸೀಳುತ್ತದೆ. ಇಂಥ ಹಲ್ಲಿಗೆ ಮೂರನೇ ಸಲ ಅದೇ ಕ್ಯಾಪ್ ಅಂಟಿಸಲು ಬಂದರೆ “ಗೋಡೆ ಎಷ್ಟು ಎತ್ತರ ಇದೆ, ಹೆಚ್ಚಿಸಲು ಏನು ಮಾಡಬಹುದು?” ಎಂದು ಕೇಳಿ.

ಮೂರನೇಸಾಲು:

ಹಣ ವಾಪಸ್ ಕೊಡ್ತೀವಿ, ಒಂದು ಕಾಗದಕ್ಕೆ ಸಹಿ ಹಾಕಿ ಅಂತ ಕೇಳ್ತಾರಂತೆ. ಹಾಕಬಹುದಾ? ಹಣ ತಗೊಳೋದು ಒಳ್ಳೇದಾ, ಅವರ ಹತ್ರಾನೇ ಹೊಸದು ಮಾಡಿಸೋದು ಒಳ್ಳೇದಾ?

ಕಡತ:

ದೋಷ ಒಪ್ಪಿಕೊಂಡು, ಯಾಕೆ ಆಯಿತು ಎಂದು ವಿವರಿಸಿ, ಈ ಸಲ ಬೇರೆ ಏನು ಮಾಡುತ್ತೇನೆ ಎಂದು ಹೇಳುವ ಡಾಕ್ಟರ್ ಆದರೆ ಅವರ ಹತ್ತಿರವೇ ಮಾಡಿಸಿ, ಹಲ್ಲಿನ ಪೂರ್ವಾಪರ ಅವರಿಗೆ ಗೊತ್ತು. ದೋಷವೇ ಇಲ್ಲ ಎಂದು ವಾದಿಸುತ್ತಾ “ನಿಮ್ಮ ಸಮಾಧಾನಕ್ಕೆ” ಹೊಸದು ಮಾಡಿಕೊಡುವವರ ಹತ್ತಿರ ಬೇಡ. ಕಾರಣ ಗೊತ್ತಿಲ್ಲದೆ ಮಾಡಿದರೆ ಅದೇ ಕ್ಯಾಪ್ ಮತ್ತೆ ಬರುತ್ತದೆ. ಅಲ್ಲಿ ಹಣ ವಾಪಸ್ ಪಡೆದು ಹೊರಬನ್ನಿ.

ಸಹಿಯ ಕಾಗದದಲ್ಲಿ “ಪೂರ್ಣ ಮತ್ತು ಅಂತಿಮ ಇತ್ಯರ್ಥ” ಎಂದಿದ್ದರೆ ಮುಂದೆ ಅದೇ ಹಲ್ಲಿಗೆ ರೂಟ್ ಕೆನಾಲ್ ಬಂದರೂ, ಹಲ್ಲೇ ಹೋದರೂ ಮತ್ತೆ ಕೇಳಲು ಆಗದಿರಬಹುದು. ಆದ್ದರಿಂದ ಎರಡನೇ ಅಭಿಪ್ರಾಯ ಕೈಗೆ ಬರುವ ಮುಂಚೆ ಸಹಿ ಬೇಡ. ಹಳೆ ಕ್ಯಾಪ್‌ನ ಹಣ ಮಾತ್ರವೇ, ತೆಗೆಯುವ ಖರ್ಚು, ಮತ್ತೆ ಕೋರ್ (ಕ್ಯಾಪ್ ಒಳಗೆ ಹಲ್ಲಿನ ಕಳೆದ ಭಾಗಕ್ಕೆ ಕಟ್ಟುವ ದಿಮ್ಮಿ) ಕಟ್ಟುವ ಖರ್ಚೂ ಸೇರಿದೆಯೇ ನೋಡಿ. ದೂರು ಕೊಡಬಾರದು, ಯಾರಿಗೂ ಹೇಳಬಾರದು ಎಂಬ ಷರತ್ತು ಇದ್ದರೆ ವಕೀಲರಿಗೆ ತೋರಿಸಿ.

ದೂರಿನ ದಾರಿ ಎರಡು, ಒಂದಕ್ಕೊಂದು ಬೆರೆಸಬೇಡಿ. ದಂತವೈದ್ಯರ ನೋಂದಣಿ ಮಂಡಳಿ ನೋಡುವುದು ನಡತೆ ಮತ್ತು ಯೋಗ್ಯತೆಯನ್ನು, ಹಣ ಕೊಡಿಸುವುದು ಸಾಮಾನ್ಯವಾಗಿ ಅದರ ಕೆಲಸವಲ್ಲ. ಪರಿಹಾರ ಬೇಕಾದರೆ ಗ್ರಾಹಕ ಅಥವಾ ಸಿವಿಲ್ ದಾರಿ. ಅಲ್ಲಿ ಕೆಲಸ ಒಪ್ಪತಕ್ಕ ಮಟ್ಟಕ್ಕಿಂತ ಕೆಳಗಿತ್ತು ಮತ್ತು ಹಾನಿ ಅದರಿಂದಲೇ ಆಯಿತು ಎಂದು ಎರಡನ್ನೂ ತೋರಿಸಬೇಕು. ಎಲ್ಲ ಕಡೆಯೂ ಕಾಲಮಿತಿ ಇರುತ್ತದೆ, ಡಾಕ್ಟರ ಜೊತೆ ಮಾತುಕತೆ ನಡೆಯುತ್ತಿದೆ ಎಂದು ಅದು ತಾನಾಗಿ ನಿಲ್ಲುವುದಿಲ್ಲ.

ಬೇರುನಾಳ:

ಹೊಸ ಕ್ಯಾಪ್ ಹಾಕುವವರಿಗೆ ಒಂದು ಮಾತು. ನರದ ಬಗ್ಗೆ ಅನುಮಾನ ಇದ್ದರೆ ಮೊದಲು ಕೆಲವು ವಾರ ತಾತ್ಕಾಲಿಕ ಸಿಮೆಂಟಿನಲ್ಲಿ ಕೂರಿಸಿ ನೋಡಲು ಕೇಳಬಹುದು. ಲೋಹ, ಲೋಹದ ಮೇಲಿನ ಪಿಂಗಾಣಿ, ಜಿರ್ಕೋನಿಯಾಗೆ ಇದು ಆಗುತ್ತದೆ. ಲಿಥಿಯಂ ಡೈಸಿಲಿಕೇಟ್‌ನ ಬಲ ಗಟ್ಟಿಯಾಗಿ ಅಂಟುವುದರಲ್ಲಿದೆ, ಅದನ್ನು ಹೀಗೆ ಇಡಬೇಡಿ. ಸಿಮೆಂಟ್ ಯೂಜೆನಾಲ್ ಇಲ್ಲದ್ದಿರಲಿ.

ದವಡೆಹಲ್ಲು:

ಅಂಟಿಸುವ ಮುಂಚೆ ಇಷ್ಟು ಮಾಡಿಸಿ. ಕ್ಯಾಪ್ ಬರೀ ಕೂರಿಸಿದಾಗ ಅಲ್ಲಾಡಬಾರದು. ಎರಡೂ ಪಕ್ಕ ಫ್ಲಾಸ್ ಟಕ್ ಎನ್ನಬೇಕು, ಈ ಪರೀಕ್ಷೆ ಮಾಡುವಾಗ ಕ್ಯಾಪ್ ಮೇಲೆ ಬೆರಳೊತ್ತಿರಬೇಕು, ಇಲ್ಲದಿದ್ದರೆ ದಾರದ ಜೊತೆ ಅದೇ ಎದ್ದುಬರುತ್ತದೆ. ಹಲ್ಲುಗಳ ನಡುವಿನ ಅಂಚು ಕಣ್ಣಿಗೆ ಕಾಣದಷ್ಟು ಆಳದಲ್ಲಿದ್ದರೆ ಅಂಟಿಸುವ ಮೊದಲೇ ಒಂದು ಬೈಟ್‌ವಿಂಗ್. ಬಣ್ಣವನ್ನು ಕುರ್ಚಿಯ ದೀಪದಲ್ಲಿ ಒಪ್ಪಬೇಡಿ, ಕನ್ನಡಿ ಹಿಡಿದು ಕಿಟಕಿಯ ಬೆಳಕಿನಲ್ಲಿ ನೋಡಿ. ರೂಟ್ ಕೆನಾಲ್ ಆದ ಹಲ್ಲಾದರೆ ಇಂಜೆಕ್ಷನ್ ಇಲ್ಲದೆಯೇ ಕೂರಿಸಲು ಹೆಚ್ಚಾಗಿ ಸಾಧ್ಯ, ಕಚ್ಚು ಸರಿಯಾಗಿ ಹೇಳಲು ಆಗುತ್ತದೆ. ಇಷ್ಟರಲ್ಲಿ ಯಾವುದೊಂದು ಸರಿಯಿಲ್ಲದಿದ್ದರೂ ಹಳೇ ತಾತ್ಕಾಲಿಕ ಕ್ಯಾಪ್ ವಾಪಸ್ ಹಾಕಿಸಿಕೊಂಡು ಹೊಸದನ್ನು ಲ್ಯಾಬಿಗೆ ಕಳಿಸಲು ಹೇಳಿ.